ನನ್ನ ಕಿಡ್ನಿ ಹೆಂಗೈತೆ?

12 ಜುಲೈ 2025, ಶನಿವಾರ
ಬಿ.ಪಿ. 126/80

ಹಳೇ ಡೈರಿ ತುಂಬಿತು. ಇದು ಗೊಬ್ಬರದ ಅಂಗಡಿಯವರು ಕೊಟ್ಟದ್ದು, ಪುಟಪುಟಕ್ಕೂ ಯೂರಿಯಾ ಚೀಲದ ಚಿತ್ರ ಇದೆ. ಕಿಡ್ನಿ ಕೊಟ್ಟವರು ದಿನಾ ಬಿ.ಪಿ. ಬರೆದಿಡಬೇಕು ಅಂತ ಡಾಕ್ಟರ್ ಅರುಣಾ ಹೇಳಿದ್ದಾರೆ. ಎರಡು ಅಂಕಿಗೆ ಇಡೀ ಪುಟ ದಂಡ ಮಾಡಲು ಮನಸ್ಸು ಬಾರದೆ ಉಳಿದ ಜಾಗದಲ್ಲಿ ಬಾಯಿಗೆ ಬಂದದ್ದು ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ಓದಿದರೆ ಅವರ ಕರ್ಮ.

ಆಪರೇಷನ್ ಆಗಿ ಆರು ತಿಂಗಳು ಮೂರು ದಿನ. ನನ್ನ ಎಡಗಡೆಯ ಕಿಡ್ನಿ ಹೊನ್ನಾಳಿಯಲ್ಲಿ ಶಾಲೆ ಮೇಷ್ಟ್ರಾಗಿರುವ ತಮ್ಮ ಗುರುಬಸವರಾಜನ ಹೊಟ್ಟೆಯಲ್ಲಿ ಕೂತು ಚೆನ್ನಾಗಿ ಕೆಲಸ ಮಾಡುತ್ತಿದೆ. ನಾನು ಇಲ್ಲಿ ನ್ಯಾಮತಿಯಲ್ಲಿ ಉಳಿದ ಒಂದರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ನಮ್ಮ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಲ್ಲಿಂದ ಈ ಗಿರಣಿ ನನ್ನದೇ.

ಗಿರಣಿಗೆ ಬರುವ ಹೆಂಗಸರಿಗೆ ನನ್ನ ಕಿಡ್ನಿಯ ಸುದ್ದಿ ಬೇಕೇ ಬೇಕು. ಇವತ್ತು ಕರಿಬಸಮ್ಮ ಜೋಳದ ಡಬ್ಬಿ ಇಳಿಸುವ ಮೊದಲೇ ಕೇಳಿದಳು. "ನಿನ್ನ ಕಿಡ್ನಿ ಹೆಂಗೈತೆ ಕೊಟ್ರಮ್ಮ?"

"ಹೊನ್ನಾಳ್ಯಾಗೆ ಆರಾಮ ಐತೆ ಕಣೆ. ಮೇಷ್ಟ್ರ ಹೊಟ್ಟೇಲಿ ಕೂತು ವ್ಯಾಕರಣ ಕಲೀತೈತೆ" ಅಂದೆ. ಎಲ್ಲರೂ ನಕ್ಕರು. ಹೀಗೆ ಹೇಳುವುದು ನನಗೆ ಇಷ್ಟ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಜಂಬವೂ ಇದೆ. ತಮ್ಮನ ಹೆಂಡತಿ ಶಿವಲೀಲಾಗೆ ಸಕ್ಕರೆ ಕಾಯಿಲೆ, ಕೊಡಲು ಆಗಲಿಲ್ಲ. ಕೊಟ್ಟವಳು ನಾನು.

ಸಂಜೆ ಅವನಿಗೆ ಫೋನ್ ಮಾಡಿ ದಿನದ ಪ್ರಶ್ನೆ ಕೇಳಿದೆ. "ನನ್ನ ಕಿಡ್ನಿ ಹೆಂಗೈತೋ?"

"ಚೆನ್ನಾಗೈತಕ್ಕ" ಅಂದ. ಆರು ತಿಂಗಳಿಂದ ನುಂಗುತ್ತಿದ್ದ ಗುಲಾಬಿ ಬಣ್ಣದ ಉದ್ದ ಮಾತ್ರೆಯನ್ನು ಡಾಕ್ಟರು ನಿನ್ನೆಗೆ ನಿಲ್ಲಿಸಿದರಂತೆ. ಉಳಿದ ಮಾತ್ರೆ ಹಾಗೇ ಇವೆ. ಜ್ವರ ಬಂದರೆ ಅದೇ ದಿನ ಫೋನ್ ಮಾಡಬೇಕು ಅಂದಿದ್ದಾರಂತೆ. ಒಂದು ಮಾತ್ರೆ ಕಡಿಮೆ ಆದರೂ ಒಳ್ಳೆಯದೇ.

30 ಜುಲೈ, ಬುಧವಾರ
ಬಿ.ಪಿ. 122/78

ನಿನ್ನೆ ಪಂಚಮಿ. ಅಪ್ಪ ಅವ್ವ ಇಲ್ಲದ ಮೇಲೆ ಗುರುವಿನ ಮನೆಯೇ ತವರು. ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದ. ಐವತ್ನಾಲ್ಕು ವರ್ಷದವಳು ಜೀಕಿಕೊಂಡೆ. ನೋಡಿದವರು ನೋಡಲಿ.

ಆಮೇಲೆ ಒಂದು ದೊಡ್ಡ ಸಂಗತಿ ನಡೆಯಿತು. ಬೇರೆಯವರಿಗೆ ಅದು ಏನೂ ಅಲ್ಲ.

ಗುರುವಿಗೆ ಒಂದು ಹಿತ್ತಾಳೆ ಲೋಟ ಇದೆ. ಶಾಲೆಗೆ, ಮದುವೆಮನೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೋದರೂ ಚೀಲದಲ್ಲಿ ಅದು ಇರಬೇಕು. ಬೇರೆಯವರ ಲೋಟದಲ್ಲಿ ನೀರು ಮುಟ್ಟುವುದಿಲ್ಲ, ಯಾರು ಕಚ್ಚಿದ್ದನ್ನೂ ತಿನ್ನುವುದಿಲ್ಲ. ಮಕ್ಕಳು ಅವನಿಗೆ ಲೋಟ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದಾರೆ. ಅದನ್ನು ಅವನಿಗೆ ಅಂಟಿಸಿದ್ದು ಅವ್ವ. ಅವನಿಗೆ ಒಂದು ವರ್ಷ ಇದ್ದಾಗ ನಮ್ಮಿಬ್ಬರ ನಡುವಿನ ತಂಗಿ ವಾಂತಿಭೇದಿಯಲ್ಲಿ ಹೋದಳು. ಅವ್ವ ಆ ವಾರವೇ ಸಂತೆಯಿಂದ ಲೋಟ ತಂದು ಒಂಬತ್ತು ವರ್ಷದ ನನ್ನ ಕೈಗೆ ಕೊಟ್ಟಳು. "ಇದಕ್ಕೆ ಅವನದು ಬಿಟ್ಟು ಯಾರ ಬಾಯೀನೂ ತಾಗಬಾರದು. ಕಾಯೋದು ನಿನ್ನ ಕೆಲಸ" ಅಂದಳು. ಕಾದೆ. ಕುಂಟೆಬಿಲ್ಲೆ ಆಡುವಾಗಲೂ ಒಂದು ಕಣ್ಣು ಆ ಲೋಟದ ಮೇಲೆ. ಅವನ ಕೆನ್ನೆಗೆ ಮುತ್ತು ಕೊಡಲು ಬಂದ ನೆಂಟರನ್ನೂ ಅಟ್ಟಿದ್ದೇನೆ.

ನಿನ್ನೆ ಜೋಕಾಲಿ ಇಳಿದು ಅರ್ಧ ಲೋಟ ಹಾಲು ಕುಡಿದು ಕಟ್ಟೆ ಮೇಲೆ ಇಟ್ಟೆ. ಗುರು ಬಂದವನೇ ನನ್ನ ಸ್ಟೀಲ್ ಲೋಟ ಎತ್ತಿಕೊಂಡ.

"ಏ, ನನ್ನ ಎಂಜಲು ಅದು!"

"ನಿನ್ನ ಕಿಡ್ನಿ ಹೊಟ್ಟೇಲಿ ಇಟ್ಕೊಂಡು ನಿನ್ನ ಲೋಟ ಬ್ಯಾಡ ಅಂದ್ರೆ ಹೆಂಗಕ್ಕ?" ಅಂದು ಗಟಗಟ ಕುಡಿದೇಬಿಟ್ಟ. ಒಳಗಿಂದ ಶಿವಲೀಲಾ "ಅಯ್ಯೋ ರೀ, ಯಾರ ಎಂಜಲೂ ಬ್ಯಾಡ ಅಂತ ಡಾಕ್ಟರು ಹೇಳ್ಯಾರಲ್ರೀ" ಅಂತ ಓಡಿ ಬಂದಳು. ಅಷ್ಟರಲ್ಲಿ ಲೋಟ ಖಾಲಿ. ಅವಳು ಎಲ್ಲದಕ್ಕೂ ಹೆದರುತ್ತಾಳೆ.

ನಲವತ್ತೈದು ವರ್ಷದಲ್ಲಿ ಮೊದಲ ಸಲ ನನ್ನ ತಮ್ಮ ನನ್ನ ಲೋಟದಲ್ಲಿ ಕುಡಿದ.

11 ಆಗಸ್ಟ್, ಸೋಮವಾರ
ಬಿ.ಪಿ. 124/80

ಸವೆದಿದ್ದ ಗಿರಣಿ ಕಲ್ಲನ್ನು ಮತ್ತೆ ಒರಟಾಗುವಂತೆ ಕೊಚ್ಚಿಸಿದೆ. ಇಡೀ ದಿನ ಧೂಳು. ಗುರುವಿಗೆ ಫೋನ್ ಮಾಡಿದೆ. "ನನ್ನ ಕಿಡ್ನಿ ಹೆಂಗೈತೋ?" "ಚೆನ್ನಾಗೈತಕ್ಕ, ಸ್ಕೂಲಿನ ಕೆಲಸ ಐತೆ, ಆಮೇಲೆ ಮಾಡ್ತೀನಿ" ಅಂದ. ಮಾಡಲಿಲ್ಲ.

14 ಆಗಸ್ಟ್, ಗುರುವಾರ
ಬಿ.ಪಿ. 130/82

ಇವತ್ತೂ ಅರ್ಧ ನಿಮಿಷದಲ್ಲಿ ಫೋನ್ ಇಟ್ಟ. ನನ್ನ ಕಿಡ್ನಿ ತಗೊಂಡು ನನಗೇ ದೊಡ್ಡಸ್ತಿಕೆ.

17 ಆಗಸ್ಟ್, ಭಾನುವಾರ
ಬಿ.ಪಿ. 148/92

ಮಧ್ಯಾಹ್ನ ಶಿವಲೀಲಾ ಫೋನ್ ಮಾಡಿದಳು. ಅವಳಾಗಿ ಮಾಡುವವಳಲ್ಲ. ದನಿ ತಗ್ಗಿಸಿ ಹಿತ್ತಲಿಂದ ಮಾತಾಡುತ್ತಿದ್ದಳು.

"ಅಕ್ಕಾ, ಇವರಿಗೆ ಎಂಟು ದಿನದಿಂದ ಜ್ವರ. ನಾಲ್ಕು ದಿನದಿಂದ ಭೇದಿ ಬ್ಯಾರೆ. ಡಾಕ್ಟರಿಗೆ ಹೇಳಾಕೆ ಬಿಡಾಕಿಲ್ಲ, ನಿಮಗಂತೂ ಹೇಳ್ಲೇಬಾರದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಾರೆ. ಆಣೆ ಮುರಿದೀನಿ. ನೀವು ಬರ್ರಿ."

ಹಿಟ್ಟಿನ ಚೀಲದ ಮೇಲೆ ಕೂತೆ. ತಲೆಯಲ್ಲಿ ಬಂದದ್ದು ಒಂದೇ, ನನ್ನ ಲೋಟ. ಪಂಚಮಿಯಿಂದ ಲೆಕ್ಕ ಹಾಕಿದರೆ ಹತ್ತು ಹನ್ನೊಂದು ದಿನಕ್ಕೆ ಜ್ವರ ಶುರುವಾಗಿದೆ. ಇಷ್ಟು ವರ್ಷ ಕಾದವಳೇ ಕೊನೆಗೆ ನನ್ನ ಎಂಜಲು ಕುಡಿಸಿ ತಮ್ಮನನ್ನು ಮಲಗಿಸಿದೆ. ಅವನು ಕುಡಿದಾಗ ಕೈಯಿಂದ ಕಿತ್ತುಕೊಳ್ಳುವುದು ಬಿಟ್ಟು ಖುಷಿಪಟ್ಟೆನಲ್ಲ.

ಡಾಕ್ಟರಿಗೆ ಏನು ಹೇಳಲಿ? ಹೇಳಿದರೆ ಉಗಿಯುತ್ತಾರೆ. ಉಗಿಯಲಿ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.

18 ಆಗಸ್ಟ್, ಸೋಮವಾರ

ಹೊನ್ನಾಳಿಯ ಮನೆ ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಗುರು ಎದ್ದು ನಿಲ್ಲಲು ಹೋದ, ಆಗಲಿಲ್ಲ. ಮುಖ ಸಣ್ಣದಾಗಿತ್ತು. ಬೈಯಬೇಕು ಅಂತ ದಾರಿಯುದ್ದಕ್ಕೂ ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋದವೋ. ಬಾಡಿಗೆ ಕಾರು ಮಾಡಿಸಿ ದಾವಣಗೆರೆಗೆ ಕರೆದುಕೊಂಡು ಹೋದೆವು.

ಡಾಕ್ಟರ್ ಅರುಣಾ ಚೆನ್ನಾಗಿಯೇ ಉಗಿದರು, ಮೂವರಿಗೂ ಸೇರಿಸಿ. "ಜ್ವರ ಬಂದ ದಿನವೇ ಫೋನ್ ಮಾಡಿ ಅಂದಿದ್ದೆ. ಒಂಬತ್ತು ದಿನ ಮನೆಯಲ್ಲಿಟ್ಟುಕೊಂಡು ಏನು ಮಾಡ್ತಿದ್ರಿ?" ರಕ್ತ ತೆಗೆದರು. ಬಿಳಿ ಕಣ ತೀರಾ ಕಡಿಮೆಯಾಗಿದೆಯಂತೆ. ಕಿಡ್ನಿಯ ಕೆಲಸ ಹೇಳುವ ಕ್ರಿಯಾಟಿನಿನ್ ಅನ್ನುವುದು 1.1 ಇದ್ದದ್ದು 1.9 ಆಗಿದೆ. ಅದು ಏರಬಾರದು ಅಂತ ನನಗೂ ಗೊತ್ತು.

ಅಡ್ಮಿಟ್ ಮಾಡಿಕೊಂಡರು. ಒಂದು ರಕ್ತದ ಪರೀಕ್ಷೆ ಬೆಂಗಳೂರಿಗೆ ಹೋಗಿದೆ. ಕಿಡ್ನಿ ಉಳಿಯುತ್ತದಾ ಅಂತ ಕೇಳಿದೆ. "ಉಳಿಸೋಕೇ ಇರೋದು ನಾವು" ಅಂದರು. ಹೌದು ಅನ್ನಲಿಲ್ಲ. ಲೋಟದ ವಿಷಯ ನಾಲಿಗೆ ತುದಿಯವರೆಗೆ ಬಂದು ವಾಪಸ್ ಹೋಯಿತು. ಹೇಡಿ ನಾನು.

19 ಆಗಸ್ಟ್

ಜ್ವರ 102. ಗಂಜಿಯೂ ಇಳಿಯಲಿಲ್ಲ.

21 ಆಗಸ್ಟ್, ಗುರುವಾರ

ಬೆಂಗಳೂರಿನ ರಿಪೋರ್ಟ್ ಬಂತು. ಡಾಕ್ಟರು ನನ್ನನ್ನೂ ಶಿವಲೀಲಾಳನ್ನೂ ರೂಮಿಗೆ ಕರೆದರು. ಅವರು ಬಾಯಿ ತೆಗೆಯುವ ಮೊದಲೇ ನಾನು ಹೇಳಿಬಿಟ್ಟೆ. ಪಂಚಮಿ, ಹಾಲು, ಎಂಜಲು, ಎಲ್ಲ. "ತಪ್ಪು ನಂದು. ಅವನಿಗೆ ಏನಾದ್ರೂ ಆದ್ರೆ ನಾನೇ ಕೊಂದಂಗೆ" ಅಂದೆ. ಅತ್ತೂಬಿಟ್ಟೆ. ಬೇರೆಯವರ ಮುಂದೆ ಅಳುವವಳಲ್ಲ ನಾನು.

ಡಾಕ್ಟರು ಹಳೇ ಫೈಲ್ ತೆಗೆದರು. ಜನವರಿಯ ಕಾಗದ. ಅದರಲ್ಲಿ ನನ್ನ ಹೆಸರಿನ ಮುಂದೆ ಪಾಸಿಟಿವ್, ಗುರುವಿನ ಹೆಸರಿನ ಮುಂದೆ ನೆಗೆಟಿವ್.

"ಇದು ಸೈಟೊಮೆಗಲೊ ವೈರಸ್ ಅಂತ. ಸಿ.ಎಂ.ವಿ. ಅಂತೀವಿ. ನಿಮ್ಮ ಲೋಟದಿಂದ ಬಂದಿದ್ದಲ್ಲಮ್ಮ ಇದು. ಜನವರಿಯಲ್ಲೇ ಬಂದಿತ್ತು, ಕಿಡ್ನಿ ಜೊತೆಗೆ."

ಲೋಟದ ಕಲ್ಲು ಎದೆಯಿಂದ ಇಳಿಯಿತು ಅನ್ನುವಷ್ಟರಲ್ಲಿ ಅದಕ್ಕಿಂತ ದೊಡ್ಡದು ಬಂದು ಕೂತಿತು. "ನನ್ನ ಕಿಡ್ನೀನೇ ರೋಗದ್ದಾ?" ಅಂದೆ.

"ರೋಗದ್ದಲ್ಲ. ನಮ್ಮ ಕಡೆ ನೂರಕ್ಕೆ ತೊಂಬತ್ತು ಜನರೊಳಗೆ ಈ ವೈರಸ್ ಇದೆ, ನನ್ನೊಳಗೂ ಇರಬಹುದು. ಚಿಕ್ಕವರಿದ್ದಾಗ ಯಾರದೋ ಜೊಲ್ಲಿಂದಲೋ ಎಂಜಲಿಂದಲೋ ಬರುತ್ತೆ. ಒಂದೆರಡು ದಿನ ಮೈ ಬೆಚ್ಚಗಾಗಿ ಹೋಗುತ್ತೆ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಆಮೇಲೆ ಜೀವನಪೂರ್ತಿ ಒಳಗೇ ಮಲಗಿರುತ್ತೆ. ಗಟ್ಟಿ ಇರೋರಿಗೆ ಏನೂ ಮಾಡಲ್ಲ. ಆದರೆ ಹೊಸ ಕಿಡ್ನಿಯನ್ನು ಮೈ ತಳ್ಳಿಬಿಡಬಾರದು ಅಂತ ನಿಮ್ಮ ತಮ್ಮನ ಶಕ್ತಿಯನ್ನ ನಾವೇ ಮಾತ್ರೆ ಕೊಟ್ಟು ತಗ್ಗಿಸಿದ್ದೀವಿ. ಜೊತೆಗೆ ಅವರ ಮೈ ಈ ವೈರಸ್ಸನ್ನ ಮೊದಲು ಕಂಡೇ ಇಲ್ಲ. ಹಂಗಾಗಿ ಇಷ್ಟು ಜೋರು."

ಆ ಗುಲಾಬಿ ಮಾತ್ರೆ ಅದನ್ನು ಮಲಗಿಸಿಡಲಿಕ್ಕೇ ಇತ್ತಂತೆ. ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಲ್ಲಿ ಎದ್ದುಬಿಡುತ್ತದಂತೆ. ಎದ್ದರೂ ಔಷಧಿ ಇದೆ ಅಂತ ಗೊತ್ತಿದ್ದೇ ಆಪರೇಷನ್ ಮಾಡಿದ್ದಂತೆ. ಆವತ್ತು ಇದನ್ನೆಲ್ಲ ನಮಗೆ ಹೇಳಿ ಸಹಿಯನ್ನೂ ಹಾಕಿಸಿಕೊಂಡಿದ್ದರು. ಆ ಹೊತ್ತಿನಲ್ಲಿ ಯಾರ ಕಿವಿ ಎಲ್ಲಿತ್ತೋ.

"ನಲವತ್ತಾರು ವರ್ಷಕ್ಕೆ ನೆಗೆಟಿವ್ ಅಂದ್ರೆ ನಮ್ಮಲ್ಲಿ ಅಪರೂಪ. ಇವರನ್ನ ಹೆಂಗೆ ಬೆಳೆಸಿದ್ರಿ ನೀವು?" ಅಂತ ಡಾಕ್ಟರೇ ಕೇಳಿದರು.

ಶಿವಲೀಲಾ ಗುರುವಿನ ಚೀಲದಿಂದ ಹಿತ್ತಾಳೆ ಲೋಟ ತೆಗೆದು ಮೇಜಿನ ಮೇಲೆ ಇಟ್ಟಳು. ಕಥೆ ಹೇಳಿದೆವು. ಡಾಕ್ಟರು ಲೋಟವನ್ನು ಎತ್ತಿ ನೋಡಿದರು. "ಇದೇ ಕಾರಣ ಅಂತ ಹೇಳೋಕಾಗಲ್ಲ. ಇದ್ದರೂ ಇರಬಹುದು" ಅಂದರು. ಆಮೇಲೆ ಬೆರಳು ತೋರಿಸಿ, "ಯಾರ ಎಂಜಲೂ ಬೇಡ ಅನ್ನೋ ಮಾತು ಇನ್ನೂ ಹಾಗೇ ಇದೆ, ಬೇರೆ ಕಾಯಿಲೆಗಳಿಗೆ. ಆದರೆ ಇದರಲ್ಲಿ ನಿಮ್ಮ ತಪ್ಪಿಲ್ಲ. ತಪ್ಪು ಅಂದ್ರೆ ಜ್ವರ ಮುಚ್ಚಿಟ್ಟಿದ್ದು" ಅಂದರು.

ಇವತ್ತಿನಿಂದ ದಿನಕ್ಕೆರಡು ಸಲ ನರಕ್ಕೆ ಔಷಧಿ. ರಕ್ತದಲ್ಲಿ ವೈರಸ್ ಎಂಬತ್ತೆರಡು ಸಾವಿರ ಇದೆಯಂತೆ. ಅದು ಇಳಿಯಬೇಕು.

ಅವ್ವ ತಂಗಿಯನ್ನು ಕಳೆದುಕೊಂಡು ಹೆದರಿ ಲೋಟ ತಂದಳು. ನಾನು ಅವ್ವನಿಗೆ ಹೆದರಿ ಕಾದೆ. ಇದರಲ್ಲಿ ಯಾರನ್ನು ಬೈಯುವುದು? ಬೈಯಲು ಯಾರೂ ಸಿಗಲಿಲ್ಲ.

22 ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಶಿವಲೀಲಾ ಸ್ನಾನಕ್ಕೆ ಹೋದಾಗ ಗುರುವಿನ ಹತ್ತಿರ ನಾನೊಬ್ಬಳೇ. ಕೇಳಿಯೇಬಿಟ್ಟೆ. "ಯಾಕೋ ಹೇಳ್ಲಿಲ್ಲ? ಲೋಟದಿಂದ ಬಂತು ಅಂದ್ರೆ ನಾನು ನೊಂದ್ಕೊಂತೀನಿ ಅಂತಾನಾ?"

"ಲೋಟ ನನ್ನ ನೆನಪಿಗೇ ಬರಲಿಲ್ಲಕ್ಕ" ಅಂದ. "ನೀನು ದಿನಾ ಫೋನ್ ಮಾಡಿ ನನ್ನ ಕಿಡ್ನಿ ಹೆಂಗೈತೆ ಅಂತ ಕೇಳ್ತಿ. ಕೆಡಿಸಿಬಿಟ್ಟೆ ಅಂತ ಯಾವ ಬಾಯಾಗೆ ಹೇಳ್ಲಿ? ನಂದೇ ಆಗಿದ್ರೆ ಮೊದಲನೇ ದಿನವೇ ಡಾಕ್ಟರ ಹತ್ರ ಓಡ್ತಿದ್ದೆ. ನಿನ್ನ ವಸ್ತು. ವಾಪಸ್ ಕೊಡಾಕೂ ಆಗಾಕಿಲ್ಲ. ಎರಡು ದಿನ ತಡೆದ್ರೆ ತಾನೇ ಸರಿಹೋಗ್ತೈತೆ, ನಿಂಗೆ ಗೊತ್ತೇ ಆಗಾಕಿಲ್ಲ ಅಂದ್ಕೊಂಡೆ."

ನಾನು ತಮಾಷೆಗೆ ಕೇಳುತ್ತಿದ್ದೆ. ತಮಾಷೆಗೇ ಕೇಳುತ್ತಿದ್ದೆನಾ?

ಅವನ ಕಾಲು ಒತ್ತಿದೆ. ಚಿಕ್ಕವನಿದ್ದಾಗ ಹಾಗೆ ಒತ್ತಿದರೆ ನಿದ್ದೆ ಮಾಡುತ್ತಿದ್ದ. ಈಗಲೂ ಮಾಡಿದ.

27 ಆಗಸ್ಟ್, ಬುಧವಾರ

ಗಣೇಶನ ಹಬ್ಬ ಆಸ್ಪತ್ರೆಯಲ್ಲೇ ಆಯಿತು. ಚನ್ನಗಿರಿಯಿಂದ ನನ್ನ ಮಗಳು ಅರ್ಪಿತಾ ಕಡುಬು ಮಾಡಿಕೊಂಡು ಬಂದಳು. ಜ್ವರ ಬಿಟ್ಟು ಮೂರು ದಿನ. ಇವತ್ತು ಭೇದಿಯೂ ಇಲ್ಲ. ಗುರು ಒಂದು ಕಡುಬು ತಿಂದು ಇನ್ನೊಂದಕ್ಕೆ ಕೈ ಚಾಚಿದ. ಕೊಡಬಹುದಾ ಅಂತ ನರ್ಸಿಗೆ ಕೇಳಿಯೇ ಶಿವಲೀಲಾ ಕೊಟ್ಟಳು. ಅವಳು ಕೇಳಿದ್ದೂ ಸರಿಯೇ. ಅವಳು ಆಣೆ ಮುರಿಯದಿದ್ದರೆ ಇವತ್ತು ಏನಾಗಿರುತ್ತಿತ್ತೋ. ಅವಳಿಗೆ ಅದನ್ನು ಹೇಳಬೇಕು.

ಹೇಳಿದೆ. "ಬಿಡ್ರಿ ಅಕ್ಕಾ" ಅಂದು ಮುಖ ತಿರುಗಿಸಿಕೊಂಡು ಪಾತ್ರೆ ತೊಳೆಯಲು ಹೋದಳು. ಬೇಗ ಬರಲಿಲ್ಲ.

2 ಸೆಪ್ಟೆಂಬರ್, ಮಂಗಳವಾರ
ಬಿ.ಪಿ. 134/84 (ನರ್ಸ್ ನೋಡಿದ್ದು)

ಎಂಬತ್ತೆರಡು ಸಾವಿರ ಇದ್ದದ್ದು ಆರು ಸಾವಿರ! ಕ್ರಿಯಾಟಿನಿನ್ 1.4. ಡಾಕ್ಟರು ರಿಪೋರ್ಟನ್ನು ಮೊದಲು ಗುರುವಿನ ಕೈಗೇ ಕೊಟ್ಟರು. ಅವನು ಮೇಷ್ಟ್ರಲ್ಲವಾ, ಮಕ್ಕಳ ಅಂಕಪಟ್ಟಿ ನೋಡಿದಂತೆ ಎರಡೆರಡು ಸಲ ನೋಡಿ, "ಪಾಸಾಗೈತೆ, ಆದ್ರೆ ಇನ್ನೂ ಓದಬೇಕು" ಅಂದ. ಡಾಕ್ಟರು ನಕ್ಕರು. ನಾನು ಹೊರಗೆ ಹೋಗಿ ಒಂದು ಲೋಟ ಟೀ ಕುಡಿದು, ಇನ್ನೊಂದು ಲೋಟವನ್ನೂ ಕುಡಿದೆ.

10 ಸೆಪ್ಟೆಂಬರ್, ಬುಧವಾರ
ಬಿ.ಪಿ. 128/80

ನಿನ್ನೆ ಡಿಸ್ಚಾರ್ಜ್. ಗುಲಾಬಿ ಮಾತ್ರೆ ಮತ್ತೆ ಶುರು, ಇನ್ನು ಕೆಲವು ತಿಂಗಳು. ವಾರಕ್ಕೊಮ್ಮೆ ರಕ್ತ ಕೊಡಬೇಕು. ಅವನನ್ನು ಹೊನ್ನಾಳಿಗೆ ಬಿಟ್ಟು ನ್ಯಾಮತಿಗೆ ಬಂದೆ. ಗಿರಣಿ ಬಾಗಿಲು ತೆಗೆದರೆ ಇಲಿಗಳು ಹಬ್ಬ ಮಾಡಿದ್ದವು. ಬೆಲ್ಟ್ ಹಾಕಿ ಸ್ವಿಚ್ ಒತ್ತಿದೆ. ಆ ಸದ್ದು ಕೇಳಿ ಇಪ್ಪತ್ತು ದಿನದ ಮೇಲಾಗಿತ್ತು. ಎಷ್ಟು ಹಾಯೆನಿಸಿತು ಅಂತ ಹೇಳಲಾರೆ.

ಸಂಜೆ ಫೋನ್ ಮಾಡಿ "ಹೆಂಗದೀಯೋ?" ಅಂದೆ.

"ಸೊಂಟ ನೋಯ್ತೈತೆ, ಬಾಯಿ ಕಹಿ, ಶಿವಲೀಲಾ ಉಪ್ಪು ಕಡಿಮೆ ಹಾಕ್ತಾಳೆ" ಅಂತ ಶುರುಮಾಡಿದವನು ಹತ್ತು ನಿಮಿಷ ಬಿಡಲಿಲ್ಲ. ಅಷ್ಟು ದೂರು ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಕಿವಿ ನೋವು ಬಂತು.

24 ಸೆಪ್ಟೆಂಬರ್, ಬುಧವಾರ
ಬಿ.ಪಿ. 122/80

ಕಾಣಲಿಲ್ಲ! ವೈರಸ್ ರಕ್ತದಲ್ಲಿ ಕಾಣಲಿಲ್ಲ. ಹೋದ ವಾರವೂ ಕಾಣಲಿಲ್ಲ, ಈ ವಾರವೂ ಕಾಣಲಿಲ್ಲ. ಕ್ರಿಯಾಟಿನಿನ್ 1.2.

ಅದು ಸಂಪೂರ್ಣ ಹೋಗುವುದಿಲ್ಲವಂತೆ, ಮತ್ತೆ ಮಲಗಿದೆಯಂತೆ. ಇನ್ನು ಮುಂದೆ ಎದ್ದರೆ ಬೇಗ ಗೊತ್ತಾಗುತ್ತದೆ, ಕಣ್ಣಿಡುತ್ತೇವೆ ಅಂದಿದ್ದಾರೆ. ಮಲಗಲಿ. ನನ್ನೊಳಗೂ ಅಷ್ಟು ವರ್ಷ ಮಲಗಿದೆ, ನಾನೇನು ಕೇಳಿದೆನಾ?

ಫೋನಲ್ಲಿ ಗುರು, "ಅಕ್ಕಾ, ಶನಿವಾರ ಮಧ್ಯಾಹ್ನ ಮೈ ಸ್ವಲ್ಪ ಬೆಚ್ಚಗಿತ್ತು. ಆಗಲೇ ಡಾಕ್ಟರಿಗೆ ಫೋನ್ ಮಾಡ್ದೆ. ಬರೀ ನೆಗಡಿ ಅಂದ್ರು" ಅಂದ. ನನಗೆ ಇವತ್ತು ಹೇಳುತ್ತಾನೆ, ನಾಲ್ಕು ದಿನದ ಮೇಲೆ. ಡಾಕ್ಟರಿಗೆ ಅದೇ ಗಳಿಗೆಗೆ ಹೇಳಿದ್ದಾನೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

5 ಅಕ್ಟೋಬರ್, ಭಾನುವಾರ

ಗುರು, ಶಿವಲೀಲಾ ಇಬ್ಬರೂ ಗಿರಣಿಗೆ ಬಂದಿದ್ದರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹಿಟ್ಟಿನ ಧೂಳು ತಾಗದ ಹಾಗೆ ಹೊರಗಿನ ಕಟ್ಟೆಯ ಮೇಲೆ ಕೂತ. ಅವನಿಗೆ ಹಾಲು ಕಾಯಿಸಿ ಅವನ ಹಿತ್ತಾಳೆ ಲೋಟಕ್ಕೇ ಹಾಕಿ ಕೊಟ್ಟೆ. ನಾನು ನನ್ನ ಸ್ಟೀಲ್ ಲೋಟ ಹಿಡಿದು ಪಕ್ಕದಲ್ಲಿ ಕೂತೆ. ಗುರು ಅಂಚಿಗೆ ಅಂಚು ತಾಗಿಸದೆ, ಸ್ವಲ್ಪ ದೂರದಿಂದಲೇ ಲೋಟ ಎತ್ತಿ ತೋರಿಸಿದ. ನಾನೂ ಎತ್ತಿದೆ. ಕುಡಿದೆವು. ಅವನು ಮಾಸ್ಕ್ ಮತ್ತೆ ಏರಿಸಿಕೊಂಡ.

ಅಷ್ಟರಲ್ಲಿ ಕರಿಬಸಮ್ಮ ರಾಗಿ ಡಬ್ಬಿ ಹೊತ್ತು ಬಂದಳು. ಕಟ್ಟೆಯ ಮೇಲೆ ಮಾಸ್ಕ್ ಹಾಕಿದವನು ಯಾರು ಅಂತ ಗೊತ್ತಾಗದೆ, ಎಂದಿನಂತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ನಿನ್ನ ಕಿಡ್ನಿ ಹೆಂಗೈತೆ ಕೊಟ್ರಮ್ಮ? ಏನೋ ಕೆಟ್ಟಿತ್ತಂತೆ?"

"ನಂದು ಇಲ್ಲೇ ನನ್ನ ಹೊಟ್ಟೇಲಿ ಐತಲ್ಲೇ, ಅದಕ್ಕೇನಾಗೈತೆ?" ಅಂದೆ. "ಗುರುಂದು ಕೇಳ್ತಿದೀಯೇನು? ಅವನು ಇಲ್ಲೇ ಕೂತಾನೆ. ಅವನ ಕಿಡ್ನಿ, ಅವನನ್ನೇ ಕೇಳು."

ಕರಿಬಸಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ಶಿವಲೀಲಾ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರು ಹಾಲಿನ ಲೋಟ ಕೆಳಗಿಟ್ಟು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದ. ಇವರಿಗೆಲ್ಲ ಒಮ್ಮೆಗೇ ಏನಾಯಿತೋ ನನಗಂತೂ ತಿಳಿಯಲಿಲ್ಲ. ರಾಗಿ ಕಾಯುತ್ತಿತ್ತು, ಎದ್ದು ಹೋಗಿ ಗಿರಣಿ ಹಚ್ಚಿದೆ.

ಇವತ್ತು ಬಿ.ಪಿ. ನೋಡುವುದೇ ಮರೆತುಹೋಯಿತು. ನಾಳೆ ನೋಡಿದರಾಯಿತು.